ಅಮ್ಮನನ್ನು ಗುಡ್ಡದಿಂದ ಇಳಿಸಬೇಕೇ?

ಪ್ರಶ್ನೆ: ನಮ್ಮ ಮನೆ ಕೊಪ್ಪ ಪೇಟೆಯ ಮೇಲಿನ ಗುಡ್ಡದಲ್ಲಿದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ (62) ಪೇಟೆಗೆ ಇಳಿಯುವುದೇ ಅಪರೂಪ. ಮದುವೆ, ಮುಂಜಿ ಯಾವುದಕ್ಕೂ ಬರುವುದಿಲ್ಲ. ಮೊನ್ನೆ ಹೇಳದೆ ಊರಿಗೆ ಹೋದೆ. ಅಮ್ಮ ಹಸಿರು ರೇಷ್ಮೆ ಸೀರೆ ಉಟ್ಟು, ಗಾಜಿನ ಬಳೆ ತೊಟ್ಟು, ಹೂ ಮುಡಿದು ಹಾರ್ಮೋನಿಯಂ ನುಡಿಸುತ್ತಿದ್ದಳು. ನನ್ನನ್ನು ಕಂಡದ್ದೇ ಹೂ ಕಿತ್ತು ಸೆರಗಿನಲ್ಲಿ ಮುಚ್ಚಿಕೊಂಡಳು. ಮನೆ ಮಾರಿ ಅಮ್ಮನನ್ನು ಬೆಂಗಳೂರಿಗೆ ಕರೆತರೋಣ ಎನ್ನುತ್ತಾನೆ ಅಣ್ಣ. ಅವನಿಗೆ ಇದನ್ನು ಹೇಳಲೇ?

ಉತ್ತರ: ಬೇಡ. ಹೇಳುವುದಿದ್ದರೆ ಅಮ್ಮನೇ ಹೇಳಲಿ.

ಹೆತ್ತ ಮಗಳ ಮುಂದೆಯೂ ಹೂ ಬಚ್ಚಿಡಬೇಕಾಯಿತಲ್ಲ, ಅದನ್ನು ಓದಿ ಸಂಕಟವಾಯಿತು. ಆ ಹೆದರಿಕೆ ಸುಮ್ನೆ ಬಂದದ್ದಲ್ಲ. ಅರಿಶಿನ ಕುಂಕುಮಕ್ಕೆ ಪಕ್ಕದ ಮನೆಯವರನ್ನು ಕರೆದು, ಇವರ ಬಾಗಿಲು ದಾಟಿ ಹೋಗುವವರನ್ನು ನಾವೆಲ್ಲ ನೋಡಿದ್ದೇವೆ. ಆರತಿ ಎತ್ತುವ ಹೊತ್ತಿಗೆ ತಾವಾಗಿಯೇ ಹಿಂದೆ ಸರಿಯುವ ಅತ್ತೆಯರನ್ನೂ ನೋಡಿದ್ದೇವೆ. ಮಂಗಳೂರಿನ ಕುದ್ರೋಳಿ ದೇವಸ್ಥಾನದಲ್ಲಿ 2013ರಲ್ಲೇ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದರು. ದೇವರಿಗಿಲ್ಲದ ಮೈಲಿಗೆ ನಮ್ಮ ನೆಂಟರಿಗೆ ಯಾಕೆ? ಮದುವೆ ಮನೆಯ ಮೂಲೆಗಿಂತ ಗುಡ್ಡದ ಮನೆಯೇ ವಾಸಿ ಎಂದು ಅವರಿಗೆ ಅನಿಸಿದ್ದರೆ, ನಾನಂತೂ ತಪ್ಪು ಅನ್ನಲಾರೆ.

ಹಾಗಂತ ಕಣ್ಣು ಮುಚ್ಚಿ ಕೂರಬೇಡಿ. ಹೊತ್ತಿಗೆ ಸರಿಯಾಗಿ ಉಣ್ಣುತ್ತಾರಾ, ನಿದ್ದೆ ಬರುತ್ತದಾ, ಮಾತ್ರೆ ತಪ್ಪುವುದಿಲ್ಲ ತಾನೇ, ವಿಚಾರಿಸಿ. ಹಾರ್ಮೋನಿಯಂ ಮುಚ್ಚಿಟ್ಟು ದಿನವಿಡೀ ಮಲಗುವಂತಾದರೆ ಅದು ಬೇರೆ ಮಾತು. ಆಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಒಂಟಿ ಮನೆ ಅಂದಮೇಲೆ ಜಾರಿ ಬೀಳುವ ಭಯ ಇದ್ದೇ ಇದೆ. ಹಾಲು ಕೊಡುವವರಿಗೋ ತೋಟಕ್ಕೆ ಬರುವವರಿಗೋ ನಿಮ್ಮ ನಂಬರ್ ಕೊಟ್ಟಿರಿ.

ಮನೆ ಅಪ್ಪನ ಸ್ವಂತ ಸಂಪಾದನೆಯದ್ದಾಗಿ, ಅವರು ಉಯಿಲು ಬರೆದಿಲ್ಲದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮಕ್ಕಳಷ್ಟೇ ಪಾಲು ಅಮ್ಮನಿಗೂ ಇದೆ. ಅವರ ಸಹಿ ಇಲ್ಲದೆ ಇಡೀ ಮನೆ ಮಾರಲಾಗದು. ಬೆಂಗಳೂರಿನ ಫ್ಲಾಟಿನಲ್ಲಿ ಒಬ್ಬರೇ ಬಾಗಿಲು ಹಾಕಿಕೊಂಡು ಹಾಡುವಷ್ಟು ಜಾಗ ಅವರಿಗೆ ಸಿಗುತ್ತದಾ? ಯೋಚಿಸಿ.

ಮುಂದಿನ ಸಲ ಫೋನ್ ಮಾಡಿಯೇ ಹೋಗಿ. "ಅಮ್ಮಾ, ಆವತ್ತು ಎಷ್ಟು ಚೆನ್ನಾಗಿ ನುಡಿಸ್ತಿದ್ದೆ, ಇನ್ನೊಂದ್ಸಲ ನುಡಿಸ್ತೀಯಾ?" ಅಂತ ಕೇಳಿ. ಸೀರೆ, ಹೂವಿನ ಮಾತು ನೀವಾಗಿ ಎತ್ತಬೇಡಿ. ನಿಮ್ಮ ಮನೆಯಲ್ಲೇ ಶುಭಕಾರ್ಯ ಬಂದಾಗ ಮೊದಲ ಕುಂಕುಮ ಅಮ್ಮನಿಗೇ ಕೊಡಿ, ನೆಂಟರ ಎದುರಿಗೇ ಕೊಡಿ. ಅವರು ಹಿಂಜರಿದರೆ ಒತ್ತಾಯ ಬೇಡ.

ಅಣ್ಣನಿಗೆ ಇಷ್ಟು ಹೇಳಿ ಸಾಕು: ಅಮ್ಮನನ್ನು ಕೇಳದೆ ಮನೆ ನೋಡಲು ಯಾರನ್ನೂ ಕಳಿಸಬೇಡ.