ಕೆಳಕ್ಕೆ ಹಾರುವ ಸೀಟು

ಪ್ರಶ್ನೆ: ಶಬ್ದದ ವೇಗ ಮೀರಿದ ಮೊದಮೊದಲ ಫೈಟರ್ ವಿಮಾನಗಳಲ್ಲಿ ಅಷ್ಟೊಂದು ಪೈಲಟ್‌ಗಳು ಸತ್ತರಂತೆ. 'ಶಬ್ದದ ಗೋಡೆ'ಗೆ ಬಡಿದು ವಿಮಾನ ಒಡೆಯುತ್ತಿತ್ತಾ?

ಉತ್ತರ: ಪಾಪ, ಆ ಗೋಡೆಯನ್ನು ಸುಮ್ನೆ ಬೈಯಬೇಡಿ. ಈ ವಿಮಾನಗಳು ಅದನ್ನು ಸಲೀಸಾಗಿ ದಾಟುತ್ತಿದ್ದವು. ಕಷ್ಟ ಶುರುವಾಗುತ್ತಿದ್ದದ್ದು ಹೊರಳುವಾಗ, ಏರುವಾಗ, ಇಳಿಯುವಾಗ.

ಅಮೆರಿಕದ ಎಫ್-100 ಸೂಪರ್ ಸೇಬರ್ ಮೊದಲು ಹಾರಿದ್ದು 1953ರಲ್ಲಿ. ರೆಕ್ಕೆ ತೆಳು, ಮೈ ಉದ್ದ, ಭಾರವೆಲ್ಲ ಮೈಯಲ್ಲೇ. ಎರಡೂ ತುದಿಗೆ ಕಲ್ಲು ಕಟ್ಟಿದ ಕೋಲನ್ನು ಉರುಳಿಸಿ ತಿರುಗಿಸಿದರೆ ತುದಿಗಳು ಹೊರಕ್ಕೆ ಚಿಮ್ಮಲು ನೋಡುತ್ತವಲ್ವಾ, ಹಾಗೆ. ವಿಮಾನ ಬಿರುಸಾಗಿ ಹೊರಳಿದರೆ ಮೂತಿ ಪಕ್ಕಕ್ಕೆ ತಿರುಗಿಬಿಡುತ್ತಿತ್ತು. ಅದನ್ನು ತಡೆಯಬೇಕಾದ್ದು ಬಾಲ. ಆದರೆ ಪ್ರಯೋಗದ ವಿಮಾನದಲ್ಲಿದ್ದ ಎತ್ತರದ ಬಾಲವನ್ನು ತಯಾರಿಕೆಗೆ ಬಂದಾಗ ಗಿಡ್ಡ ಮಾಡಿದ್ದರು! 1954ರ ಅಕ್ಟೋಬರ್ 12ರಂದು ನುರಿತ ಟೆಸ್ಟ್ ಪೈಲಟ್ ಜಾರ್ಜ್ ವೆಲ್ಚ್ ಡೈವ್ ಮಾಡಿ ಮೇಲೆತ್ತುವ ಪರೀಕ್ಷೆಯಲ್ಲಿದ್ದಾಗ ವಿಮಾನ ಆಕಾಶದಲ್ಲೇ ಚೂರಾಯಿತು. ವೆಲ್ಚ್ ಉಳಿಯಲಿಲ್ಲ. ಆಮೇಲೆ ಬಾಲ ಮತ್ತೆ ಎತ್ತರವಾಯಿತು, ರೆಕ್ಕೆಯೂ ಉದ್ದವಾಯಿತು.

ನಾನು ವರ್ಷಗಟ್ಟಲೆ ಇಜೆಕ್ಷನ್ ಸೀಟುಗಳ, ಅಂದರೆ ಅಪಾಯದಲ್ಲಿ ಪೈಲಟ್‌ನನ್ನು ವಿಮಾನದಿಂದ ಹೊರಕ್ಕೆ ಚಿಮ್ಮಿಸುವ ಸೀಟುಗಳ, ಕೆಲಸ ಮಾಡಿದವನು. ಹಾರಾಟಕ್ಕೆ ಮುಂಚೆ ಸೀಟು ನೆಲದ ಮೇಲೆ ಆಕಸ್ಮಿಕವಾಗಿ ಹಾರದಂತೆ ತಡೆಯುವ ಕೆಂಪು ಪಟ್ಟಿಯ ಸೇಫ್ಟಿ ಪಿನ್ ತೆಗೆದೆಯಾ ಅಂತ ಎರಡು ಸಲ ನೋಡಿ, ಮೂರನೇ ಸಲವೂ ನೋಡುವ ಚಾಳಿ. ಹಾಗಾಗಿ ಅಮೆರಿಕದ ಇನ್ನೊಂದು ಫೈಟರ್, ಎಫ್-104 ಸ್ಟಾರ್‌ಫೈಟರ್‌ನ ಕಥೆ ನನ್ನನ್ನು ಈಗಲೂ ಕೊರೆಯುತ್ತದೆ. ಅದರ ಬಾಲ ತೀರಾ ಎತ್ತರ. ಮೇಲೆ ಹಾರಿದ ಪೈಲಟ್ ಅದಕ್ಕೆ ಬಡಿಯಬಹುದೆಂದು ಹೆದರಿ, ಸೀಟು ಕೆಳಕ್ಕೆ ಹಾರುವಂತೆ ಮಾಡಿದರು. ಬಾನೆತ್ತರದಲ್ಲಿ ಸರಿ. ಟೇಕಾಫ್ ಆದ ಕೂಡಲೇ ಎಂಜಿನ್ ಕೈಕೊಟ್ಟರೆ? ಕೆಳಗೆ ನೆಲ. 1958ರ ಜುಲೈ 26ರಂದು ಐವನ್ ಕಿಂಚೆಲೋ ಎಂಬ ಪೈಲಟ್‌ಗೆ ಆದದ್ದು ಅದೇ. ಸೀಟು ಆಕಾಶದ ಕಡೆ ಹಾರಲೆಂದು ಅವರು ವಿಮಾನವನ್ನೇ ತಲೆಕೆಳಗು ಮಾಡಲು ನೋಡಿದರು. ಎತ್ತರ ಸಾಲಲಿಲ್ಲ. ಆಗ ಅವರಿಗೆ ಬರೀ 30 ವರ್ಷ. ಮೇಲಕ್ಕೆ ಹಾರುವ ಸೀಟು ಕೊನೆಗೂ ಬಂತು. ಅದನ್ನು ಮೊದಲೇ ಯೋಚಿಸಬಹುದಿತ್ತು ಅಂತ ಈಗ ಹೇಳುವುದು ಸುಲಭ, ಆದರೂ ಹೇಳುತ್ತೇನೆ.

ಇಳಿಯುವುದೂ ಹಗುರದ ಮಾತಲ್ಲ. ಸ್ಟಾರ್‌ಫೈಟರ್‌ನ ರೆಕ್ಕೆಯ ಮುಂದಿನ ಅಂಚು ಎಷ್ಟು ಚೂಪೆಂದರೆ, ನೆಲದ ಸಿಬ್ಬಂದಿಗೆ ಗಾಯವಾಗದಿರಲೆಂದು ಅದಕ್ಕೆ ಕವಚ ಹಾಕುತ್ತಿದ್ದರು. ಅಷ್ಟು ಪುಟ್ಟ ರೆಕ್ಕೆ ನಿಧಾನ ವೇಗದಲ್ಲಿ ವಿಮಾನವನ್ನು ಹೊರಲಾರದು. ಅದಕ್ಕೇ ಎಂಜಿನ್‌ನಿಂದ ಗಾಳಿ ತೆಗೆದು ಫ್ಲ್ಯಾಪ್‌ಗಳ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಕೆಳಕ್ಕೆ ಬಾಗುವ ಹಲಗೆಗಳ) ಮೇಲೆ ಊದುತ್ತಿದ್ದರು. ಆಗಲೂ ಇಳಿಯುವ ವೇಗ ಗಂಟೆಗೆ 300 ಕಿ.ಮೀ. ಆಸುಪಾಸು. ಇಳಿಯುತ್ತಿದ್ದೇನಲ್ಲ ಅಂತ ಪೈಲಟ್ ಎಂಜಿನ್ ಪೂರ್ತಿ ತಗ್ಗಿಸಿದರೆ, ಊದುವ ಗಾಳಿಯೂ ತಗ್ಗಿ ವಿಮಾನ ಧೊಪ್ಪೆಂದು ಕುಸಿಯುತ್ತಿತ್ತು. ಚಕ್ರ ನೆಲ ಮುಟ್ಟುವವರೆಗೂ ಥ್ರಾಟಲ್ (ಎಂಜಿನ್ ಶಕ್ತಿ ಹೆಚ್ಚು-ಕಡಿಮೆ ಮಾಡುವ ಹಿಡಿ) ಪೂರ್ತಿ ತಗ್ಗಿಸುವಂತಿರಲಿಲ್ಲ.