ಜನರಿಲ್ಲದ ಧ್ರುವದ ಮೇಲೆ ಉಪಗ್ರಹಕ್ಕೇನು ಕೆಲಸ?

ಪ್ರಶ್ನೆ: ಮೊನ್ನೆ ಸಂಜೆ ಏಳರ ಹೊತ್ತಿಗೆ ಮೊಮ್ಮಗನ ಜೊತೆ ಟೆರೇಸಿನ ಮೇಲಿದ್ದೆ. ನಕ್ಷತ್ರದಂಥ ಚುಕ್ಕಿಯೊಂದು ದಕ್ಷಿಣದಿಂದ ಉತ್ತರಕ್ಕೆ ಸರಸರ ಹೋಯಿತು. "ಅದು ಧ್ರುವಗಳ ಮೇಲೆ ಸುತ್ತೋ ಸ್ಯಾಟಲೈಟು ಅಜ್ಜಿ" ಅಂದ. ಅಲ್ಲಿ ಹಿಮ ಬಿಟ್ಟರೆ ಏನಿದೆ? ವಿಜ್ಞಾನಿಗಳಿಗೆ ಅದರಿಂದ ಏನು ಉಪಯೋಗ?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ಮೊಮ್ಮಗ ಹೇಳಿದ್ದು ಸರಿಯಿರಬಹುದು. ಉತ್ತರ–ದಕ್ಷಿಣವಾಗಿ, ಒಂದೇ ಸಮನೆ ಬೆಳಗುತ್ತಾ ಕೆಲವೇ ನಿಮಿಷಗಳಲ್ಲಿ ಆಕಾಶ ದಾಟಿದ್ದರೆ ಅದು ಧ್ರುವ ಕಕ್ಷೆಯ ಉಪಗ್ರಹ, ಇಲ್ಲವೇ ಯಾವುದೋ ಹಳೇ ರಾಕೆಟ್ಟಿನ ತುಂಡು. ಮಿಣಕ್ ಮಿಣಕ್ ಅಂದಿದ್ದರೆ ಮಾತ್ರ ದೇವನಹಳ್ಳಿಯ ವಿಮಾನ.

ಧ್ರುವ ನೋಡಬೇಕು ಅಂತಲೇ ಅದು ಆ ಕಡೆ ಹೋಗುವುದಲ್ಲ. ಇಡೀ ಭೂಮಿಯನ್ನು ನೋಡಬೇಕಾದರೆ ಆ ದಾರಿಯೇ ಸಲೀಸು. ಕುಂಬಾರನ ತಿಗರಿಯ ಮೇಲೆ ಮಡಕೆ ತಿರುಗುತ್ತಿದೆ ಅಂದುಕೊಳ್ಳಿ. ನೀವು ಕುಂಚವನ್ನು ಸುಮ್ನೆ ಮೇಲೆ–ಕೆಳಗೆ ಆಡಿಸಿದರೆ ಸಾಕು, ಮಡಕೆಯ ಸುತ್ತ ಬಣ್ಣ ಬೀಳುತ್ತದೆ. ಇಲ್ಲೂ ಹಾಗೇ. 700–800 ಕಿ.ಮೀ. ಎತ್ತರದ ಉಪಗ್ರಹಕ್ಕೆ ಒಂದು ಸುತ್ತಿಗೆ ಸುಮಾರು 100 ನಿಮಿಷ ಬೇಕು, ದಿನಕ್ಕೆ 14 ಸುತ್ತು. ಒಂದು ಸುತ್ತು ಮುಗಿಯುವಷ್ಟರಲ್ಲಿ ಭೂಮಿ 25 ಡಿಗ್ರಿ ತಿರುಗಿರುತ್ತದೆ. ಹೀಗಾಗಿ ಪ್ರತಿ ಸಲ ಹೊಸ ಪಟ್ಟಿ ಕಣ್ಣಿಗೆ ಬೀಳುತ್ತದೆ. ಟಿವಿ ಉಪಗ್ರಹಗಳ ಕಥೆಯೇ ಬೇರೆ. ಅವು 36,000 ಕಿ.ಮೀ. ಎತ್ತರದಲ್ಲಿ, ಸಮಭಾಜಕದ ಮೇಲೆ ಒಂದೇ ಕಡೆ ನಿಂತಂತೆ ಕಾಣುತ್ತವೆ. ಇಸ್ರೋ ಅವನ್ನು ಹಾಸನದಿಂದ ನೋಡಿಕೊಳ್ಳುತ್ತದೆ, ಕೆಳಗೆ ಸುತ್ತುವವನ್ನು ನಮ್ಮ ಪೀಣ್ಯದಿಂದ.

ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದು ಸಮಯದ ಆಟ. ಬೆಳ್ಳಂದೂರು ಕೆರೆಯ ಫೋಟೊ ಒಂದು ದಿನ ಬೆಳಿಗ್ಗೆ, ಇನ್ನೊಂದು ದಿನ ಮಧ್ಯಾಹ್ನ ತೆಗೆದರೆ ನೆರಳು, ಬೆಳಕು ಎರಡೂ ಬೇರೆ. ಬದಲಾಗಿದ್ದು ಕೆರೆಯೋ ಬಿಸಿಲೋ ಹೇಳುವುದು ಹೇಗೆ? ಪ್ರತಿ ಸಲ ಒಂದೇ ಹೊತ್ತಿಗೆ ಬಂದು ತೆಗೆಯಬೇಕು. ಭೂಮಿಯ ನಡು ಸ್ವಲ್ಪ ಉಬ್ಬಿದೆ ಅಲ್ವಾ, ಆ ಉಬ್ಬಿನ ಎಳೆತ ಉಪಗ್ರಹದ ಕಕ್ಷೆಯನ್ನು ನಿಧಾನಕ್ಕೆ ತಿರುಗಿಸುತ್ತದೆ. ಕಕ್ಷೆಯನ್ನು ಸಮಭಾಜಕಕ್ಕೆ ಸುಮಾರು 98 ಡಿಗ್ರಿ ಓರೆಯಾಗಿಟ್ಟರೆ ಅದು ದಿನಕ್ಕೆ ಸರಿಸುಮಾರು ಒಂದು ಡಿಗ್ರಿ ತಿರುಗುತ್ತದೆ. ಭೂಮಿ ಸೂರ್ಯನನ್ನು ಸುತ್ತುವ ಲೆಕ್ಕವೂ ಅಷ್ಟೇ! ಹೀಗೆ ಉಪಗ್ರಹ ಒಂದು ಊರಿನ ಮೇಲೆ ಬಂದಾಗಲೆಲ್ಲ ಅಲ್ಲಿ ಹೆಚ್ಚುಕಡಿಮೆ ಅದೇ ಹೊತ್ತು. 1988ರ ಮಾರ್ಚ್‌ನಲ್ಲಿ ಹಾರಿದ ನಮ್ಮ ಐಆರ್‌ಎಸ್‌–1ಎ ಇಂಥದ್ದೇ. 22 ದಿನಕ್ಕೊಮ್ಮೆ ಅದೇ ಜಾಗಕ್ಕೆ, ಅದೇ ಹೊತ್ತಿಗೆ ಹಾಜರು. ಪಿಎಸ್‌ಎಲ್‌ವಿ ರಾಕೆಟ್ಟಿನ ಮೊದಲ 'ಪಿ' ಕೂಡ ಪೋಲಾರ್, ಅಂದರೆ ಧ್ರುವದ್ದು ಅಂತಲೇ.

ಎಲ್ಲದಕ್ಕೂ ಬಿಸಿಲು ಬೇಕೆಂದಿಲ್ಲ. 2002ರಲ್ಲಿ ಹಾರಿದ ಗ್ರೇಸ್ ಎಂಬ ಜೋಡಿ ಉಪಗ್ರಹಗಳಲ್ಲಿ ಭೂಮಿಯತ್ತ ತಿರುಗಿದ ಕ್ಯಾಮೆರಾ ಇರಲಿಲ್ಲ. ಒಂದರ ಹಿಂದೆ ಒಂದು, ಸುಮಾರು 220 ಕಿ.ಮೀ. ಅಂತರ. ಕೆಳಗಿನ ನೆಲದ ತೂಕ ಜಾಸ್ತಿಯಿದ್ದ ಕಡೆ ಮುಂದಿನದನ್ನು ಮೊದಲು ಎಳೆಯುತ್ತದೆ, ಅಂತರ ಕೂದಲಿನ ದಪ್ಪಕ್ಕಿಂತ ಕಡಿಮೆ ಬದಲಾದರೂ ಅಳೆಯಬಹುದಿತ್ತು. ನೆಲದಡಿಯ ನೀರು ಕಡಿಮೆಯಾದರೆ ಆ ತೂಕವೂ ಇಳಿಯುತ್ತದೆ. ರಾಜಸ್ಥಾನ, ಪಂಜಾಬ್, ಹರಿಯಾಣದಲ್ಲಿ 2002ರಿಂದ 2008ರವರೆಗೆ 109 ಘನ ಕಿ.ಮೀ. ಅಂತರ್ಜಲ ಕಡಿಮೆಯಾಯಿತು ಅಂತ ಲೆಕ್ಕ ಸಿಕ್ಕಿದ್ದು ಹೀಗೆ. ಒಂದೂ ಬೋರ್‌ವೆಲ್ಲಿಗೆ ಇಳಿಯದೆ, ಮೇಲಿಂದಲೇ ತೂಗಿ!

ಇನ್ನು ನಾಸಾ, ಇಸ್ರೋ ಸೇರಿ ಮಾಡಿದ ನಿಸಾರ್ ಉಪಗ್ರಹ. ಜೋಡಣೆ ಆಗಿದ್ದು ಬೆಂಗಳೂರಿನಲ್ಲಿ, ಹಾರಿದ್ದು 2025ರ ಜುಲೈ 30ಕ್ಕೆ. ಮಳೆಗಾಲದಲ್ಲಿ ಕ್ಯಾಮೆರಾ ಉಪಗ್ರಹಕ್ಕೆ ಸಿಗುವುದು ಬರೀ ಮೋಡದ ಫೋಟೊ. ನಿಸಾರ್ ತಾನೇ ರೇಡಾರ್ ಅಲೆ ಕಳಿಸುವುದರಿಂದ ಮೋಡ, ಕತ್ತಲೆ ಯಾವುದೂ ಅಡ್ಡಿಯಿಲ್ಲ. 12 ದಿನಕ್ಕೊಮ್ಮೆ ಬಂದು, ನೆಲ ಸೆಂಟಿಮೀಟರ್ ಲೆಕ್ಕದಲ್ಲಿ ಕುಸಿದರೂ ಜರುಗಿದರೂ ಪತ್ತೆ ಮಾಡುತ್ತದೆ.

ನೀವು ಕೇಳಿದ ಹಿಮವನ್ನೂ ಬಿಟ್ಟಿಲ್ಲ. ಸುತ್ತುಗಳೆಲ್ಲ ಧ್ರುವದ ಹತ್ತಿರ ಒತ್ತೊತ್ತಾಗಿ ಕೂಡುವುದರಿಂದ ಅಲ್ಲಿನ ಜಾಗ ದಿನಕ್ಕೆ ಹಲವು ಸಲ ಕಾಣುತ್ತದೆ. ಆರ್ಕ್ಟಿಕ್ ಸಮುದ್ರದ ಮಂಜುಗಡ್ಡೆ ಎಷ್ಟು ಕರಗಿದೆ ಎಂಬುದಕ್ಕೆ 1979ರಿಂದ ಬಿಡದೆ ಲೆಕ್ಕ ಇರುವುದು ಇವುಗಳಿಂದಲೇ.

ಮೊಮ್ಮಗನಿಗೆ ಒಂದು ಮಾತು: ಸೂರ್ಯ ಮುಳುಗಿದ ಮೇಲಿನ, ಹುಟ್ಟುವ ಮುಂಚಿನ ಒಂದೂವರೆ ಗಂಟೆ ಕಾಯಬೇಕು. ಆಗ ನಮಗೆ ಕತ್ತಲು, ಮೇಲಿರುವ ಉಪಗ್ರಹಕ್ಕೆ ಇನ್ನೂ ಬಿಸಿಲು.