ಊರು ಅಲ್ಲೇ ಇತ್ತು, ದೇಶ ಬದಲಾಯಿತು

ಶಿರಸಿಯ ಓದುಗರೊಬ್ಬರ ಪತ್ರ: "ನೆನಪಿನ ಕುರಿತ ನಿಮ್ಮ ಲೇಖನದಲ್ಲಿ ಎಂಡೆಲ್ ಟುಲ್ವಿಂಗ್ ಅವರನ್ನು 'ಕೆನಡಾದ ವಿಜ್ಞಾನಿ' ಎಂದಿದ್ದೀರಿ. ಮಗಳ ಪಠ್ಯಪುಸ್ತಕದಲ್ಲಿ 'ಎಸ್ಟೋನಿಯಾದವರು' ಎಂದಿದೆ. ನಕ್ಷೆ ತೆಗೆದರೆ ಅವರು ಹುಟ್ಟಿದ ಊರು ರಷ್ಯಾದಲ್ಲಿದೆ! ಯಾವುದು ಸರಿ? ಊರು ಕಳೆದುಕೊಂಡ ನೋವೇ ಅವರನ್ನು ನೆನಪಿನ ಸಂಶೋಧನೆಗೆ ಹಚ್ಚಿರಬೇಕು. ಅದನ್ನೂ ಬರೆಯಬಹುದಿತ್ತಲ್ವಾ?"

ಸಂಪಾದಕರ ಉತ್ತರ:

ಮೂರೂ ಸರಿ. 'ಕೆನಡಾದ' ಅಂತ ಒಂದೇ ಪದದಲ್ಲಿ ಮುಗಿಸಿದ್ದು ನಮ್ಮ ಸೋಮಾರಿತನ, ಒಪ್ಪಿಕೊಳ್ಳುತ್ತೇನೆ.

ಟುಲ್ವಿಂಗ್ ಹುಟ್ಟಿದ್ದು 1927ರ ಮೇ 26ರಂದು, ಪೆಟ್ಸೆರಿ ಎಂಬ ಪುಟ್ಟ ಊರಿನಲ್ಲಿ. ಹಳೆಯ ಗುಹಾಮಠಕ್ಕೆ ಹೆಸರಾದ ಊರದು. 1920ರಲ್ಲಿ ಸೋವಿಯತ್ ರಷ್ಯಾ ಮತ್ತು ಎಸ್ಟೋನಿಯಾ ಮಾಡಿಕೊಂಡ ಟಾರ್ಟು ಒಪ್ಪಂದದಲ್ಲಿ ಅದು ಎಸ್ಟೋನಿಯಾಕ್ಕೆ ಸೇರಿತ್ತು. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಸೋವಿಯತ್ ಆಡಳಿತ ಗಡಿಯ ಗೆರೆಯನ್ನೇ ಸರಿಸಿ ಆ ಊರನ್ನು ರಷ್ಯಾಕ್ಕೆ ಸೇರಿಸಿತು. ಎಸ್ಟೋನಿಯಾ 1991ರಲ್ಲಿ ಮತ್ತೆ ಸ್ವತಂತ್ರವಾಯಿತು, ಊರು ಮಾತ್ರ ವಾಪಸ್ ಬರಲಿಲ್ಲ. ಇವತ್ತು ಅದರ ಹೆಸರು ಪೆಚೋರಿ. ನಿಮ್ಮ ನಕ್ಷೆಯಲ್ಲಿ ತಪ್ಪೇನೂ ಇಲ್ಲ.

ಹುಡುಗ ಬೆಳೆದದ್ದು ಎಸ್ಟೋನಿಯಾದ ಟಾರ್ಟು ನಗರದಲ್ಲಿ. ಅವನಿಗೆ 13 ವರ್ಷವಾದಾಗ, 1940ರಲ್ಲಿ, ಸೋವಿಯತ್ ಸೈನ್ಯ ಬಂತು. ಮರುವರ್ಷ ಜೂನ್‌ನಲ್ಲಿ ಸಾವಿರಾರು ಜನರನ್ನು ಮನೆಗಳಿಂದ ಎಬ್ಬಿಸಿ ರೈಲಿನಲ್ಲಿ ತುಂಬಿ ಸೋವಿಯತ್ ಒಕ್ಕೂಟದ ಒಳನಾಡಿಗೆ ಸಾಗಿಸಿದರು. ಅದರ ಬೆನ್ನಿಗೇ ಜರ್ಮನರು ಬಂದರು. 1944ರಲ್ಲಿ ಸೋವಿಯತ್ತಿನ ಕೆಂಪು ಸೈನ್ಯ ಮತ್ತೆ ಹತ್ತಿರವಾದಾಗ ಜನ ಕಾದು ನೋಡಲಿಲ್ಲ. 10 ಲಕ್ಷದಷ್ಟು ಜನರಿದ್ದ ದೇಶದಿಂದ ಸುಮಾರು 70 ಸಾವಿರ ಮಂದಿ ಹೊರಟರು. ಕೆಲವರು ಮೀನುಗಾರರ ದೋಣಿ ಹತ್ತಿ ಸ್ವೀಡನ್‌ಗೆ, ಕೆಲವರು ಜರ್ಮನಿಗೆ. ಟುಲ್ವಿಂಗ್‌ಗೆ ಆಗ 17. ತಮ್ಮನೊಂದಿಗೆ ಜರ್ಮನಿ ಸೇರಿದ. ಅಪ್ಪ ಅಮ್ಮ ಜೊತೆಗಿರಲಿಲ್ಲ.

ಶಾಲೆ ಮುಗಿಸಿದ್ದು ಜರ್ಮನಿಯಲ್ಲೇ. ಅಮೆರಿಕದ ಸೈನ್ಯಕ್ಕೆ ಅನುವಾದಕನ ಕೆಲಸ ಮಾಡಿದ. ಹೈಡೆಲ್‌ಬರ್ಗ್‌ನಲ್ಲಿ ಸ್ವಲ್ಪ ದಿನ ವೈದ್ಯಕೀಯ ಓದಿದ. ಮುಂದೆ ಮದುವೆಯಾದ ಎಸ್ಟೋನಿಯಾದ ಹುಡುಗಿ ಸಿಕ್ಕಿದ್ದೂ ಅಲ್ಲೇ. 1949ರಲ್ಲಿ ಕೆನಡಾಕ್ಕೆ ಹೊರಟ. ಟೊರಾಂಟೊದಲ್ಲಿ ಓದು, ಆಮೇಲೆ ಹಾರ್ವರ್ಡ್, ಮತ್ತೆ ಟೊರಾಂಟೊದಲ್ಲಿ ಮೇಷ್ಟರ ಕೆಲಸ.

ನಿಮ್ಮ ಎರಡನೆಯ ಮಾತಿಗೆ ಇಲ್ಲಿ ಸ್ವಲ್ಪ ತಣ್ಣೀರು ಹಾಕಬೇಕು. ಹಾರ್ವರ್ಡ್‌ನಲ್ಲಿ ಅವರು ಅಧ್ಯಯನ ಮಾಡಿದ್ದು ನೆನಪನ್ನಲ್ಲ, ಕಣ್ಣಿನ ನೋಟವನ್ನು! ಟೊರಾಂಟೊಗೆ ಬಂದರೆ ಅದಕ್ಕೆ ಬೇಕಾದ ಸಲಕರಣೆಯೂ ಇಲ್ಲ, ದುಡ್ಡೂ ಇಲ್ಲ. ನೆನಪಿನ ಪ್ರಯೋಗಕ್ಕಾದರೆ ಒಂದಷ್ಟು ಪದಗಳ ಪಟ್ಟಿ, ಕಾಗದ, ಪೆನ್ಸಿಲ್ ಸಾಕು. ಹಾಗೆ ಈ ಕಡೆ ಬಂದವರು. ಮನೆ ಬಿಟ್ಟವರ ಬದುಕಿನಲ್ಲೆಲ್ಲ ನಾವು ಗಾಯವನ್ನೇ ಹುಡುಕುತ್ತೇವೆ. ಕೆಲವೊಮ್ಮೆ ಕಾರಣ ಬರೀ ಖಾಲಿ ಜೇಬು.

ಆದರೆ ಅವರು ಕಂಡುಕೊಂಡದ್ದು ಮಾತ್ರ ಬೆರಗಿನದ್ದು. 1972ರಲ್ಲಿ ಅವರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳಿದರೆ: ಗೊತ್ತಿರುವುದು ಬೇರೆ, ನೆನಪಿರುವುದು ಬೇರೆ. ಎಸ್ಟೋನಿಯಾದ ರಾಜಧಾನಿ ಟಾಲಿನ್ ಅಂತ ನಿಮಗೆ ಗೊತ್ತು. ಅದನ್ನು ಯಾವತ್ತು, ಯಾರ ಬಾಯಿಂದ ಕೇಳಿದಿರಿ? ನೆನಪಿಲ್ಲ. ಶಾಲೆಯ ಮೊದಲ ದಿನ ಅತ್ತದ್ದು ಹಾಗಲ್ಲ, ಅಲ್ಲಿಗೆ ನೀವು ಮತ್ತೆ ಹೋಗಿ ನಿಲ್ಲುತ್ತೀರಿ. ಈ ಎರಡನೆಯದಕ್ಕೆ ಅವರಿಟ್ಟ ಹೆಸರು ಎಪಿಸೋಡಿಕ್ ಮೆಮೊರಿ.

ಇದು ಸುಮ್ನೆ ಪದಗಳ ಆಟವಲ್ಲ ಅಂತ ತೋರಿಸಿದ್ದು ಕೆ.ಸಿ. ಎಂಬ ರೋಗಿ. 1981ರಲ್ಲಿ, 30ನೇ ವಯಸ್ಸಿನಲ್ಲಿ, ಮೋಟಾರ್ ಸೈಕಲ್ ಅಪಘಾತದಲ್ಲಿ ಆತನ ಮಿದುಳಿಗೆ ಪೆಟ್ಟಾಯಿತು. ಚದುರಂಗ ಆಡಲು ಬರುತ್ತಿತ್ತು, ಯಾರ ಜೊತೆಗಾದರೂ ಆಡಿದ ನೆನಪಿಲ್ಲ. ಮನೆಯವರ ಬೇಸಿಗೆ ಮನೆ ಎಲ್ಲಿದೆ ಅಂತ ಗೊತ್ತು, ಅಲ್ಲಿ ಕಳೆದ ಒಂದೇ ಒಂದು ದಿನವೂ ನೆನಪಿಲ್ಲ. "ನಾಳೆ ಏನು ಮಾಡುತ್ತೀರಿ?" ಅಂತ ಟುಲ್ವಿಂಗ್ ಕೇಳಿದರೆ ಅದಕ್ಕೂ ಆತನ ಮನಸ್ಸು ಖಾಲಿ. ನಿನ್ನೆಗೆ ಹೋಗಲಾರದವನು ನಾಳೆಗೂ ಹೋಗಲಾರ! ಪ್ರಾಣಿಗಳಿಗೆ ಈ ಶಕ್ತಿ ಇಲ್ಲ ಅಂತಲೂ ಟುಲ್ವಿಂಗ್ ವಾದಿಸಿದರು. ಅದನ್ನು ಒಪ್ಪದವರು ಜಾಸ್ತಿ ಇದ್ದಾರೆ. ನಮ್ಮನೆ ನಾಯಿಯನ್ನು ನೋಡಿದರೆ ನನಗೂ ಅನುಮಾನ.

2005ರಲ್ಲಿ ಕೆನಡಾದ ದೊಡ್ಡ ಗೌರವಗಳಲ್ಲೊಂದಾದ ಗೈರ್ಡ್ನರ್ ಪ್ರಶಸ್ತಿ ಬಂತು. 2023ರ ಸೆಪ್ಟೆಂಬರ್ 11ರಂದು, 96ನೇ ವಯಸ್ಸಿನಲ್ಲಿ, ಟೊರಾಂಟೊ ಪಕ್ಕದ ಮಿಸಿಸಾಗಾದಲ್ಲಿ ತೀರಿಕೊಂಡರು.

ಇಷ್ಟಾದರೂ ನಿಮ್ಮ ಊಹೆಯನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಪ್ರಾಣಿಗಳಿಗೆ, ಚಿಕ್ಕ ಮಕ್ಕಳಿಗೆ ನಾಳೆಯ ಅರಿವು ಇದೆಯೋ ಇಲ್ಲವೋ ಅಂತ ಪತ್ತೆ ಹಚ್ಚಲು ಅವರು ಒಂದು ಪರೀಕ್ಷೆ ಸೂಚಿಸಿದ್ದರು. ಆಗ ಅವರಿಗೆ 80ರ ಹತ್ತಿರ. ಅದಕ್ಕೆ ಆರಿಸಿಕೊಂಡದ್ದು ಎಸ್ಟೋನಿಯಾದ ಒಂದು ಮಕ್ಕಳ ಕತೆ. ಪುಟ್ಟ ಹುಡುಗಿಯೊಬ್ಬಳು ಕನಸಿನಲ್ಲಿ ಗೆಳತಿಯ ಹುಟ್ಟುಹಬ್ಬಕ್ಕೆ ಹೋಗುತ್ತಾಳೆ. ಅಲ್ಲಿ ಅವಳಿಗೆ ಪ್ರಾಣವಾದ ಚಾಕೊಲೇಟ್ ಪುಡಿಂಗ್ ಬಡಿಸುತ್ತಿದ್ದಾರೆ. ಆದರೆ ಚಮಚ ಅವರವರೇ ತರಬೇಕು. ಇವಳ ಹತ್ತಿರ ಇಲ್ಲ, ತಿನ್ನಲಾಗುವುದಿಲ್ಲ. ಮರುದಿನ ರಾತ್ರಿ ಅವಳು ಚಮಚವನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೇ ಮಲಗುತ್ತಾಳೆ.